ನಿಮ್ಮ ಕಡೆ ಯಾರು ಸೇವೆಯಲ್ಲಿದ್ದರು?

ಅರ್ಧ ಗಡ್ಡ ಬೋಳಿಸಿ ಆಗಿತ್ತು. ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದ ಹ್ಯಾಸ್ಕೆಟ್, ಹವಾಮಾನದ ಸುದ್ದಿ ಹೇಳುವವನ ಹಾಗೆ, ಈ ಕಟ್ಟಡವನ್ನು ಮಾರುತ್ತಿದ್ದೇನೆ ಎಂದ. ವೆಂಡೆಲ್ ಥಾರ್ಪ್‌ನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. ಅಮೆರಿಕದ ಪೋರ್ಟ್ಸ್‌ಮತ್ ಹಡಗುಕಟ್ಟೆಯ ಗೇಟಿನ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಅವನು ಕ್ಷೌರದಂಗಡಿ ನಡೆಸುತ್ತಿದ್ದದ್ದು ಇದೇ ಹ್ಯಾಸ್ಕೆಟ್‌ನ ಬಾಡಿಗೆದಾರನಾಗಿ.

"ಇನ್ನೊಬ್ರೂ ಕೇಳಿದಾರೆ. ಬ್ಯಾಂಕಿನ ಸಾಲದ ಒಪ್ಪಿಗೆ ಪತ್ರ ಯಾರು ಮೊದಲು ತರ್ತಾರೋ ಅವರಿಗೆ ಕಟ್ಟಡ. ಸಂಜೆ ಐದರವರೆಗೆ ನನ್ನ ಅಂಗಡೀಲಿ ಇರ್ತೀನಿ" ಎಂದ ಹ್ಯಾಸ್ಕೆಟ್.

ಉಳಿದರ್ಧ ಗಡ್ಡದ ಕೆಲಸ ಎಷ್ಟು ಅವಸರದಲ್ಲಿ ಮುಗಿಯಿತೆಂದರೆ, ಹ್ಯಾಸ್ಕೆಟ್ ಗಲ್ಲದ ಮೇಲೆ ಎರಡು ಕಡೆ ಹತ್ತಿ ಅಂಟಿಸಿಕೊಂಡು ಹೋಗಬೇಕಾಯಿತು.

ವೆಂಡೆಲ್ ತನ್ನ ಬ್ಯಾಂಕಿಗೆ ಫೋನು ಮಾಡಿದರೆ ಮೂರು ವಾರ ಬೇಕು ಎಂದರು. ಸರದಿಗೆ ಕಾದಿದ್ದ ನಾವಿಕರು ನಕ್ಕರು. ಹಾರ್ಬರ್ ಬೆಲ್‌ಗೆ ಹೋಗು, ಅದು ನಮ್ಮ ನೌಕಾಪಡೆಯವರ ಸಹಕಾರಿ ಬ್ಯಾಂಕು, ಸದಸ್ಯನಾದವನಿಗೆ ಅದೇ ದಿನ ಪತ್ರ ಕೊಡುತ್ತಾರೆ ಎಂದರು. ವೆಂಡೆಲ್ ಅವರನ್ನು ಕೂದಲು ಕತ್ತರಿಸದೆಯೇ ಎಬ್ಬಿಸಿ ಕಳಿಸಿ, ಬಾಗಿಲಿಗೆ ಬೀಗ ಹಾಕಿ ಓಡಿದ.

ಹಾರ್ಬರ್ ಬೆಲ್‌ನ ಮೇಜಿನ ಹಿಂದೆ ಮಿಸ್ ಟ್ಯಾಲಿ ಎಂಬ ಸೌಮ್ಯ ಹೆಂಗಸು ಇದ್ದಳು. ಅರ್ಜಿಯ ಮೊದಲ ಪ್ರಶ್ನೆಯಲ್ಲೇ ಅವನ ದೋಣಿ ನೆಲ ಕಚ್ಚಿತು.

"ನಿಮ್ಮ ಕಡೆ ಯಾರು ಸೇವೆಯಲ್ಲಿದ್ರು ಸರ್?"

ವೆಂಡೆಲ್ ತನ್ನ ಸೇವೆಯನ್ನೇ ವಿವರಿಸಿದ. ಈ ಬಂದರಿನಿಂದ ಹೊರಟ ಎಷ್ಟೋ ಹಡಗುಗಳ ತಲೆಗಳೆಲ್ಲ ತನ್ನ ಕೈಯಿಂದ ನುಣ್ಣಗಾಗಿ ಹೋದವು, ಒಬ್ಬ ಅಡ್ಮಿರಲ್‌ನ ಕಿವಿಯ ಕೂದಲನ್ನೂ ತಾನೇ ಕತ್ತರಿಸಿದ್ದೇನೆ ಎಂದ. ಮಿಸ್ ಟ್ಯಾಲಿ ಪೂರ್ತಿ ಕೇಳಿಸಿಕೊಂಡಳು.

"ಕೂದಲ ಸಂಬಂಧ ನಡೆಯಲ್ಲ ಸರ್" ಎಂದಳು ಮೆಲ್ಲಗೆ. ನೀವೇ ಸೇವೆ ಮಾಡಿರಬೇಕು; ಇಲ್ಲವೇ ತಂದೆ, ತಾಯಿ, ಅಜ್ಜ, ಅಜ್ಜಿ, ಒಡಹುಟ್ಟಿದವರು, ಗಂಡ ಹೆಂಡತಿ, ಮಕ್ಕಳು, ಇವರಲ್ಲಿ ಯಾರಾದರೂ. ಅದೂ ಇಲ್ಲದಿದ್ದರೆ ಸದಸ್ಯರೊಬ್ಬರ ಜೊತೆ ಒಂದೇ ಸೂರಿನಡಿ ವಾಸವಾಗಿರಬೇಕು.

ಹಿಂದೆ ಸಾಲಿನಲ್ಲಿ ನಿಂತಿದ್ದ ನೌಕಾಪಡೆಯ ನಿವೃತ್ತ ಚೀಫ್ ರಾಸ್ಕೊ ಬೈನಮ್ ಇದನ್ನೆಲ್ಲ ಕೇಳಿಸಿಕೊಂಡಿದ್ದ. ವೆಂಡೆಲ್‌ನನ್ನು ಹೊರಗೆ ಎಳೆದುಕೊಂಡು ಹೋಗಿ, ತನ್ನ ಮನೆಗೇ ಬಂದು ಇರು ಎಂದ. ಬದಲಿಗೆ ದಿನಾ ನಾಲ್ಕೂವರೆಗೆ ಏಳಬೇಕು, ಹಾಸಿಗೆಯ ಮೇಲೆ ನಾಣ್ಯ ಎಸೆದರೆ ಪುಟಿಯುವಷ್ಟು ಬಿಗಿಯಾಗಿ ಚಾದರ ಹೊದಿಸಬೇಕು, ಅಷ್ಟೇ. ವೆಂಡೆಲ್ ಅದಕ್ಕೂ ತಲೆಯಾಡಿಸಿದ. ಆದರೆ ಆ ವಿಳಾಸಕ್ಕೆ ಅವನ ಹೆಸರಿನಲ್ಲಿ ಬಂದ ಕರೆಂಟು ಬಿಲ್ಲು ಬೇಕೆಂದು ಮಿಸ್ ಟ್ಯಾಲಿ ಹೇಳಿದಾಗ ಅದೂ ಮುರಿದುಬಿತ್ತು.

ಚೀಫ್ ಸೋಲೊಪ್ಪುವ ಆಸಾಮಿಯಲ್ಲ. ಕ್ಷೌರದಂಗಡಿಯ ಪಕ್ಕದಲ್ಲೇ ಲಾಂಡ್ರಿ ಇಟ್ಟಿದ್ದ ಜಿನೀವಾ ಕೋಲ್ಸ್ ಹಿಂದೆ ನೌಕಾಪಡೆಯ ಉಗ್ರಾಣದಲ್ಲಿದ್ದವಳು, ಈಗ ವೆಂಡೆಲ್‌ನ ಹಾಗೆಯೇ ಒಂಟಿ. ಅವನು ನೇರ ಅಲ್ಲಿಗೆ ಹೋಗಿ, ಹಳೆಯ ಬೂಟು ಮಾರುವವನಂತೆ ವೆಂಡೆಲ್‌ನನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದ. ಜಿನೀವಾ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು.

"ನಂಗೆ ಮದುವೆ ಹೊಸದಲ್ಲ, ಎರಡಾಗಿದೆ. ಕೋರ್ಟಿನಲ್ಲಿ ಅರ್ಧ ಗಂಟೆ ಕೆಲಸ. ಎರಡು ಗಂಟೆಗೆ ನಂಗೆ ಬಿಡುವಿದೆ" ಎಂದಳು. ಅವಳು ತಮಾಷೆ ಮಾಡುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳು ಡ್ರಾಯರ್ ತೆಗೆದು ಕಿವಿಯೋಲೆ ಹುಡುಕತೊಡಗಿದಳು.

ಐವತ್ತೊಂದು ವರ್ಷದ ವೆಂಡೆಲ್‌ನ ಬಾಯಿಂದ, ಅಮ್ಮನನ್ನು ಒಂದು ಮಾತು ಕೇಳಿ ಬರುತ್ತೇನೆ ಎಂಬ ಮಾತು ಬಂದುಬಿಟ್ಟಿತು.

ದಾರಿಯಲ್ಲಿ ಅವನಿಗೆ ನೆನಪಾಯಿತು: ಅಮ್ಮನ ಪೆಟ್ಟಿಗೆಯಲ್ಲಿ ಬಿಳಿ ಟೊಪ್ಪಿಗೆಯ ಅಜ್ಜನ ಫೋಟೋ ಒಂದಿತ್ತು. ಹಿಂದೆ ಹಡಗು. ಅಜ್ಜ ನಾವಿಕನಾಗಿದ್ದರೆ ಮದುವೆಯೂ ಬೇಡ, ಚಾದರವೂ ಬೇಡ.

ಅಮ್ಮ ಆರ್ಡಿತ್ ಮನೆಯಲ್ಲಿರಲಿಲ್ಲ. ಚರ್ಚಿಗೆ ಹಾಕುವ ಟೊಪ್ಪಿಗೆ ಹಾಕಿಕೊಂಡು ಬೆಳಿಗ್ಗೆಯೇ ಹೋದರು ಎಂದಳು ಪಕ್ಕದ ಮನೆಯವಳು. ಅವನು ತನ್ನ ಬೀಗದ ಕೈಯಿಂದ ಬಾಗಿಲು ತೆಗೆದು, ಮಂಚದ ಕೆಳಗಿನ ಪೆಟ್ಟಿಗೆ ಎಳೆದ. ಫೋಟೋ ಸಿಕ್ಕಿತು. ಹಿಂಬದಿಯಲ್ಲಿ ಅಜ್ಜಿಯ ಅಕ್ಷರ: 'ಲೂಥರ್, ನಾರ್ಫೋಕ್ ದೋಣಿಯ ಅಡಿಗೆಯವನು.' ಟೊಪ್ಪಿಗೆ ಅಡಿಗೆಯವನದು. ಅಜ್ಜ ಇಡೀ ಬದುಕಿನಲ್ಲಿ ನದಿಯ ಆ ದಡ ಈ ದಡ ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲ.

ಪೆಟ್ಟಿಗೆ ಮುಚ್ಚಬೇಕೆನ್ನುವಾಗ ತಳದಲ್ಲಿ, ಅವನ ಜನನಪತ್ರದ ಜೊತೆಗೆ, ನಾಲ್ಕು ಮಡಿಕೆಯ ಕಾಗದ ಕಂಡಿತು. ಅಮೆರಿಕದ ನೌಕಾಪಡೆ. ಗೌರವಪೂರ್ವಕ ಬಿಡುಗಡೆ. ನಾಲ್ಕು ವರ್ಷ ಸೇವೆ. ಕೆಲಸ: ವಿಮಾನದ ಇಂಜಿನ್ ರಿಪೇರಿ. ಹೆಸರು: ಆರ್ಡಿತ್ ಮೇ ಲ್ಯಾಸಿಟರ್, ಅಮ್ಮನ ಮದುವೆಗೆ ಮುಂಚಿನ ಹೆಸರು.

ವೆಂಡೆಲ್ ನೆಲದ ಮೇಲೆ ಕೂತುಬಿಟ್ಟ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುವುದಕ್ಕೂ ಮಗನನ್ನು ಕರೆಯುವ ಹೆಂಗಸು ಇವಳು. ಅವನ ಕಾರು ಕೆಟ್ಟು ನಿಂತಾಗೆಲ್ಲ ಕಿಟಕಿಯಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದವಳು. ಕಾಗದದ ಜೊತೆಗಿದ್ದ ಚಿಕ್ಕ ಫೋಟೋದಲ್ಲಿ ಇಪ್ಪತ್ತರ ಹುಡುಗಿ, ಮೊಣಕೈವರೆಗೆ ಗ್ರೀಸು, ವಿಮಾನದ ರೆಕ್ಕೆಯ ಮೇಲೆ ಕಾಲು ಇಳಿಬಿಟ್ಟು ನಗುತ್ತಿದ್ದಳು. ಆ ನಗು ಅವನು ನೋಡದ್ದು. ಯಾರ ಜೊತೆ ನಗುತ್ತಿದ್ದಳು, ಆ ವಿಮಾನ ಎಲ್ಲಿಗೆ ಹಾರಿತು, ಯಾಕೆ ಒಂದು ದಿನವೂ ಹೇಳಲಿಲ್ಲ? ಗಡಿಯಾರ ಮೂರು ಹೊಡೆಯದಿದ್ದರೆ ಅವನು ಅಲ್ಲೇ ಇರುತ್ತಿದ್ದನೇನೋ.

ಮಿಸ್ ಟ್ಯಾಲಿ ಕಾಗದವನ್ನೂ ಅವನ ಜನನಪತ್ರವನ್ನೂ ಓದಿದಳು. ಹೆಸರು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಹೆಸರು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಸದಸ್ಯರ ವಿಷಯ ಬೇರೆಯವರ ಮುಂದೆ ಆಡುವಂತಿಲ್ಲ ಎಂದಷ್ಟೇ ಹೇಳಿ ಮುಚ್ಚಿದಳು. ಒಂದೂವರೆ ಗಂಟೆಯಲ್ಲಿ ಸದಸ್ಯತ್ವ, ಒಪ್ಪಿಗೆ ಪತ್ರ, ಹಡಗಿನ ಚಿತ್ರವಿದ್ದ ಪೆನ್ನು, ಮೂರೂ ಅವನ ಕೈಯಲ್ಲಿದ್ದವು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವನು ಹ್ಯಾಸ್ಕೆಟ್‌ನ ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದ. ಹ್ಯಾಸ್ಕೆಟ್ ಪತ್ರವನ್ನು ನೋಡಿ, ಚೆನ್ನಾಗಿದೆ, ಆದರೆ ಕಟ್ಟಡ ಬೆಳಿಗ್ಗೆ ಹನ್ನೊಂದಕ್ಕೇ ಹೋಯಿತು ಎಂದ. ಕೊಂಡವರು ಅದೇ ಹಾರ್ಬರ್ ಬೆಲ್‌ನಲ್ಲಿ ಐವತ್ತೈದು ವರ್ಷದ ಹಳೆಯ ಸದಸ್ಯರು. ಪತ್ರಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲವಂತೆ. ಕರಾರು ಓದಿ ಮುಗಿಸೋಣವೆಂದು ಈಗ ಮತ್ತೆ ಬಂದಿದ್ದಾರೆ ಎಂದು ಮೊಳೆಗಳ ಡಬ್ಬಗಳ ಕಡೆ ಕೈ ತೋರಿಸಿದ.

ಅಲ್ಲಿ, ಚರ್ಚಿನ ಟೊಪ್ಪಿಗೆ ಹಾಕಿಕೊಂಡು, ಸ್ಟೂಲಿನ ಮೇಲೆ ಅಮ್ಮ ಕೂತಿದ್ದಳು.

"ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?" ಎಂದು ಕೇಳಿದ ವೆಂಡೆಲ್.

"ನೀನು ಯಾವತ್ತು ಕೇಳಿದ್ದೆ? ಇವತ್ತೂ ಊರೆಲ್ಲಾ ಕೇಳಿದೆ, ನನ್ನ ಕೇಳಿದ್ಯಾ?"

"ಕಟ್ಟಡ ಯಾಕೆ ತಗೊಂಡೆ?"

"ಮಾರ್ತಾರೆ ಅಂತ ಭಾನುವಾರ ಚರ್ಚಲ್ಲಿ ಹೇಳಿದ್ರು. ಬೇರೆಯವರ ಪಾಲಾದ್ರೆ ನೀನೆಲ್ಲಿ ಹೋಗ್ತೀಯ ಅಂತ ತಗೊಂಡೆ."

ವೆಂಡೆಲ್ ಬಗ್ಗಿ ಅಮ್ಮನ ಕೆನ್ನೆಗೆ ಮುತ್ತಿಟ್ಟ. ಅವಳು ಚೀಲದಿಂದ ಎರಡು ಹಾಳೆಯ ಬಾಡಿಗೆ ಕರಾರು ತೆಗೆದು ಅವನ ಕೈಗಿಟ್ಟಳು. ಬಾಡಿಗೆ ಮೊದಲಿನಷ್ಟೇ. ಆದರೆ ಎರಡನೇ ಹಾಳೆಯ ತುಂಬ ಷರತ್ತುಗಳಿದ್ದವು: ಕತ್ತರಿಗಳು ಅಳತೆಯ ಪ್ರಕಾರ ಸಾಲಾಗಿರಬೇಕು, ಕುರ್ಚಿಗಳಿಗೆ ವಾರಕ್ಕೊಮ್ಮೆ ಎಣ್ಣೆ ಬಿಡಬೇಕು, ನೆಲದ ಮೇಲೆ ಒಂದು ಕೂದಲೂ ಕಾಣಕೂಡದು, ಮಾಲೀಕರು ಯಾವಾಗ ಬೇಕಾದರೂ ಬಂದು ತಪಾಸಣೆ ಮಾಡಬಹುದು.

"ನಾನಾಗಿದ್ರೆ ತಿಂಗಳಿಗೊಂದ್ಸಲ ಬಾಡಿಗೆಗೆ ಮಾತ್ರ ಬರ್ತಿದ್ದೆ" ಎಂದು ಹ್ಯಾಸ್ಕೆಟ್ ನಿಟ್ಟುಸಿರುಬಿಟ್ಟ.

"ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀನಿ" ಎಂದಳು ಆರ್ಡಿತ್.

"ಅಂಗಡಿ ತೆಗೆಯೋದು ಎಂಟಕ್ಕಮ್ಮ."

ಅವಳು ಹಾಳೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇನ್ಮೇಲೆ ಐದೂಮುಕ್ಕಾಲಿಗೆ. ಸಹಿ ಮಾಡು ಮಗಾ."