ಭಾನುವಾರದ ಅಂಪೈರು

ನಮ್ಮ ಅಂಪೈರಿಗೆ ಕ್ರಿಕೆಟ್ ಆಡಲು ಬರುವುದಿಲ್ಲ. ಇದು ನಾನು ಹೊಟ್ಟೆಕಿಚ್ಚಿನಿಂದ ಹೇಳುವ ಮಾತಲ್ಲ. ಅವರೇ ಎದೆ ತಟ್ಟಿಕೊಂಡು ಹೇಳುತ್ತಿದ್ದ ಮಾತು. "ಬ್ಯಾಟು ಹಿಡಿದವನಿಗೆ ಬ್ಯಾಟಿನ ಮೇಲೆ ಮೋಹ, ಬಾಲು ಹಿಡಿದವನಿಗೆ ಬಾಲಿನ ಮೇಲೆ ಮೋಹ. ನನಗೆ ಎರಡೂ ಇಲ್ಲ ಕಣ್ರಯ್ಯಾ. ಅದಕ್ಕೇ ನಾನು ಸರಿಯಾದ ಅಂಪೈರು!" ಅನ್ನುತ್ತಿದ್ದರು. ಈ ಲೆಕ್ಕದಲ್ಲಿ ಒಲೆ ಹಚ್ಚಲು ಬಾರದವರೇ ಒಳ್ಳೆಯ ಅಡುಗೆಯವರಾಗಬೇಕಲ್ಲವೇ? ಕೇಳುವ ಧೈರ್ಯ ಯಾರಿಗಿತ್ತು! ಕೇಳಿದ್ದರೆ ಅದಕ್ಕೂ ಒಂದು ರೂಲು ಹೇಳುತ್ತಿದ್ದರು.

ಜನಕಪುರಿಯ ನಮ್ಮ ಬ್ಲಾಕಿನ ಪಾರ್ಕಿನಲ್ಲಿ ಆಗ ಪ್ರತಿ ಭಾನುವಾರ ಬೆಳಿಗ್ಗೆ ಕನ್ನಡದವರ ಕ್ರಿಕೆಟ್ಟು. ಸರ್ಕಾರಿ ಕಚೇರಿಯ ಗುಮಾಸ್ತರು, ಸೆಕ್ಷನ್ ಆಫೀಸರುಗಳು, ಹೊಸದಾಗಿ ಬಂದಿಳಿದ ಕಂಪ್ಯೂಟರ್ ಕಂಪನಿಯವರು, ಅವರ ನಡುವೆ ನಾನು. ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ಕೂಲರು, ಫ್ರಿಜ್ಜು, ಏಸಿ ರಿಪೇರಿ ನನ್ನ ಕಸುಬು; ಸ್ವಂತ ಅಂಗಡಿ, ಸ್ವಂತ ಬೋರ್ಡು. ಮೇ ತಿಂಗಳು ಬಂತೆಂದರೆ ದೊಡ್ಡ ದೊಡ್ಡ ಆಫೀಸರುಗಳೇ ಫೋನ್ ಮಾಡಿ "ಭಯ್ಯಾ, ಆಜ್ ಹೀ ಆ ಜಾವೋ" ಎಂದು ಗೋಗರೆಯುತ್ತಾರೆ. ಹಾಗಾಗಿ ನಾನು ಯಾರ ಮುಂದೆಯೂ ತಲೆ ತಗ್ಗಿಸಿ ನಿಂತವನಲ್ಲ. ಈ ಒಬ್ಬರನ್ನು ಬಿಟ್ಟು. ಅದೂ ಯಾಕೆ, ಒಮ್ಮೆ ನನ್ನ ಹೊಟ್ಟೆಗೆ ಬಡಿದ ಬಾಲಿಗೆ ಎಲ್‌ಬಿಡಬ್ಲ್ಯು ಕೊಟ್ಟರು! ಗಿರಾಕಿಗಳ ಹತ್ತಿರ ಗಂಟೆಗಟ್ಟಲೆ ವಾದಿಸುವ ನಾನು ಬ್ಯಾಟು ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ಬಂದುಬಿಟ್ಟೆ. ಆ ಬೆರಳು ಹಾಗಿತ್ತು.

ಬೆರಳಿಗಿಂತ ಮೊದಲು ಕೋಟಿನ ವಿಚಾರ ಹೇಳಬೇಕು. ಅಂಪೈರೆಂದರೆ ಬಿಳಿ ಕೋಟು ಬೇಕೇಬೇಕೆಂದು ಅವರು ಕರೋಲ್ ಬಾಗನ್ನೆಲ್ಲ ಸುತ್ತಿ ಒಂದು ಕೋಟು ತಂದರು. ಅದು ಆಸ್ಪತ್ರೆಯವರಿಗೆ ಹೊಲಿದದ್ದು. ಚಳಿಗಾಲದಲ್ಲಿ ಸ್ವೆಟರಿನ ಮೇಲೆ ಆ ಕೋಟು, ತಲೆಗೆ ಮಂಕಿಕ್ಯಾಪು. ಒಂದು ಸಲ ವಾಕಿಂಗಿಗೆ ಬಂದಿದ್ದ ಪಂಜಾಬಿ ಅಜ್ಜಿಯೊಬ್ಬರು ನೇರ ಪಿಚ್ಚಿಗೇ ಬಂದು "ಡಾಕ್ಟರ್ ಸಾಬ್, ಜರಾ ಬಿ.ಪಿ. ದೇಖ್ ದೀಜಿಯೇ" ಎಂದು ತೋಳು ಚಾಚಿದರು. ಇವರು ಗಂಭೀರವಾಗಿ ಬೆಂಚಿನ ಕಡೆ ಕೈ ತೋರಿಸಿ, "ಮಾತಾಜಿ, ಓವರ್ ಚಲ್ ರಹಾ ಹೈ, ಉಧರ್ ಬೈಠಿಯೇ" ಅಂದರು. ಓವರು ಮುಗಿಯುವಷ್ಟರಲ್ಲಿ ಅಜ್ಜಿಯ ಪಕ್ಕದಲ್ಲಿ ಇನ್ನೂ ಇಬ್ಬರು ಬಂದು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು!

ಬಾಲು ಎಣಿಸಲು ಜೇಬಿನಲ್ಲಿ ಕಲ್ಲು ಇಟ್ಟುಕೊಳ್ಳುತ್ತಾರಲ್ಲ, ಚಳಿಗಾಲದಲ್ಲಿ ಇವರು ಅದರ ಬದಲು ಕಡಲೆಕಾಯಿ ಇಟ್ಟುಕೊಂಡರು. ಒಂದು ಬಾಲು ಆದರೆ ಒಂದು ಕಾಯಿ ಎಡಜೇಬಿನಿಂದ ಬಲಜೇಬಿಗೆ. ದೆಹಲಿಯ ಚಳಿ, ಕೈಗೆ ಹುರಿದ ಕಡಲೆಕಾಯಿ. ಏನಾಗಬೇಕೋ ಅದೇ ಆಯಿತು.

"ಓವರ್!" ಎಂದು ಕೂಗಿದರು.

"ಸಾರ್, ಐದೇ ಬಾಲು ಹಾಕಿದ್ದು," ಎಂದ ಇರ್ಫಾನ್. ಅವನು ಮಂಗಳೂರಿನವನು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ನಮ್ಮಲ್ಲಿ ನಿಜವಾಗಿ ಬೌಲಿಂಗ್ ಬರುತ್ತಿದ್ದವನು ಅವನೊಬ್ಬನೇ.

"ಎಡಜೇಬಲ್ಲಿ ಕಾಯಿ ಇಲ್ಲ. ಓವರು ಮುಗೀತು."

"ಸಾರ್, ನಿಮ್ಮ ಮೀಸೆ ಮೇಲೆ ಸಿಪ್ಪೆ ಇದೆ!"

ಮೀಸೆ ಒರೆಸಿಕೊಂಡರು. ಆದರೆ ತೀರ್ಪು ಬದಲಾಗಲಿಲ್ಲ. ಕೊಟ್ಟ ತೀರ್ಪು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ಅವರ ವಂಶದಲ್ಲೇ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ವಾರದ ಉಳಿದ ದಿನಗಳಲ್ಲಿ ಇಡೀ ದೆಹಲಿಗೇ ಅವರು ಅಂಪೈರು! ಒಂದು ಸಂಜೆ ಚೌಕದಲ್ಲಿ ಆಟೋದವನೊಬ್ಬ ಕೆಂಪು ದೀಪ ಲೆಕ್ಕಿಸದೆ ನುಗ್ಗಿ ಬಂದ. ಇವರು ಫುಟ್‌ಪಾತಿನ ಮೇಲೆ ನಿಂತು, ಗಲ್ಲ ಬಿಗಿದು, ನಿಧಾನವಾಗಿ ಬೆರಳೆತ್ತಿದರು. ಕೂಗಿ ಕರೆದರೂ ನಿಲ್ಲದ ದೆಹಲಿಯ ಆಟೋಗಳು ಅವತ್ತು ಒಟ್ಟಿಗೆ ಮೂರು ಬಂದು ನಿಂತವು. "ಕಹಾಂ ಜಾನಾ ಹೈ, ಬಾವೂಜಿ?" "ಎಲ್ಲಿಗೂ ಇಲ್ಲ, ನೀನು ಔಟು!" ಎಂದು ಕನ್ನಡದಲ್ಲೇ ಹೇಳಿ ಮನೆಗೆ ನಡೆದು ಹೋದರಂತೆ.

ಒಂದು ಸಲ ಅವರ ಕಚೇರಿಯ ಡೈರೆಕ್ಟರ್ ಸಾಹೇಬರು ಅತಿಥಿಯಾಗಿ ಬಂದು ಬ್ಯಾಟು ಹಿಡಿದರು. ಮೊದಲನೇ ಬಾಲು, ಬ್ಯಾಟಿನ ಅಂಚು ಸವರಿ ಕೀಪರ್ ಕೈಗೆ. ನಾವು ಯಾರೂ ಬಾಯಿಬಿಡಲಿಲ್ಲ. ಬೌಲರ್ ಕೂಡ ಅಪೀಲು ನುಂಗಿಕೊಂಡ. "ಅಪೀಲು ಮಾಡ್ರಯ್ಯಾ!" ಎಂದು ಅಂಪೈರೇ ಗದರಿದರು. ಹೆದರಿ ಯಾರೋ ಒಬ್ಬರು ಮೆಲ್ಲಗೆ "ಹೌಸ್ ದಟ್" ಅಂದದ್ದೇ ತಡ, ಬೆರಳು ಮೇಲಕ್ಕೆ! ಆ ವರ್ಷ ಅವರ ರಜೆಯ ಅರ್ಜಿ ಒಂದೂ ಪಾಸಾಗಲಿಲ್ಲ.

"ಒಂದು ನೋ ಬಾಲ್ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸಾರ್?" ಎಂದು ಕೇಳಿದರು ಬಸವರಾಜಣ್ಣ. ಅವರು ಸೆಕ್ಷನ್ ಆಫೀಸರು, ನಮ್ಮ ವಿಕೆಟ್ ಕೀಪರು. ಬಾಲು ಅವರ ಹೊಟ್ಟೆಯನ್ನು ದಾಟಿ ಹೋಗುವುದು ಕಷ್ಟವೆಂದು ನಾವೇ ಆರಿಸಿದ್ದು.

"ಸುಳ್ಳು ತೀರ್ಪು ಕೊಟ್ಟ ಮೇಲೆ ಈ ಕೋಟು ಯಾಕಯ್ಯಾ ಹಾಕ್ಕೊಳ್ಳಲಿ?" ಅಂದರು ಅಷ್ಟೇ.

ಆ ಕೋಟನ್ನು ಒಗೆದು ನೀಲಿ ಹಾಕಿ ಇಸ್ತ್ರಿ ಮಾಡಿಕೊಡುತ್ತಿದ್ದವರು ಅವರ ಮನೆಯವರು. ಮಕ್ಕಳಿರಲಿಲ್ಲ, ಇಬ್ಬರೇ. ಆ ತಾಯಿ ಒಂದು ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ಕರ್ಮವೆಲ್ಲ ಮುಗಿದ ನಂತರದ ಭಾನುವಾರ ನಾವು ಪಾರ್ಕಿನಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತಿದ್ದೆವು. ನೋಡಿದರೆ ಅಂಪೈರು ಬಂದರು. ಕೋಟು ಮುದುಡಿತ್ತು. "ಏನ್ರಯ್ಯಾ ಮುಖ ನೋಡ್ತೀರಿ? ಟಾಸ್ ಹಾಕಿ" ಅಂದರು.

ಅಲ್ಲಿಂದ ಮುಂದೆ ಅವರದೊಂದು ಹೊಸ ರೂಲು ಶುರುವಾಯಿತು. ಮಂಜು ಕವಿದ ದಿನ ಅವರು ಪಿಚ್ಚಿನ ಮೇಲೆ ನಿಂತು ಪೇಪರಿನ ಮದುವೆ ಜಾಹೀರಾತು ಓದುತ್ತಿದ್ದರು. ಅಕ್ಷರ ಕಂಡರೆ ಆಟ, ಕಾಣದಿದ್ದರೆ ಬೆಳಕು ಸಾಲದು. ಆದರೆ ಮನೆಗೆ ಮಾತ್ರ ಯಾರೂ ಹೋಗುವಂತಿಲ್ಲ! "ಪಂದ್ಯ ರದ್ದಾಗಿಲ್ಲ, ನಿಂತಿದೆ ಅಷ್ಟೇ," ಅನ್ನುತ್ತಿದ್ದರು. ನಾವು ಚಾಯ್‌ವಾಲಾನ ಗಾಡಿಯ ಸುತ್ತ ಕುರಿಗಳ ಹಾಗೆ ಒತ್ತಿಕೊಂಡು ನಿಂತು ಹರಟುತ್ತಿದ್ದೆವು.

"ನನ್ನ ಮಗ ಕ್ರಿಕೆಟ್ಟನ್ನೂ ಕಂಪ್ಯೂಟರಿನಲ್ಲೇ ಆಡ್ತಾನೆ ಕಣ್ರೀ. ಇಡೀ ಟೆಸ್ಟ್ ಮ್ಯಾಚ್ ಆಡಿದ್ರೂ ಒಂದು ಹನಿ ಬೆವರಿಲ್ಲ," ಎಂದು ಬಸವರಾಜಣ್ಣ.

"ಬೆವರೋಕೆ ಜಿಮ್ ಇದೆಯಲ್ಲ ಅಂಕಲ್. ನಮ್ಮ ಆಫೀಸಲ್ಲೇ ಟ್ರೆಡ್‌ಮಿಲ್ ಇಟ್ಟಿದಾರೆ," ಎಂದ ಇರ್ಫಾನ್.

"ಅಂದ್ರೆ ನಿಂತಲ್ಲೇ ಓಡೋದು. ಎಲ್ಲಿಗೂ ಮುಟ್ಟೋ ಹಾಗಿಲ್ಲ," ಎಂದೆ ನಾನು.

"ರನ್ ಔಟ್ ಆಗೋ ಭಯವೂ ಇಲ್ಲ ಬಿಡಿ," ಎಂದರು ಅಂಪೈರು, ಚಹಾ ಊದುತ್ತ.

ಬಸವರಾಜಣ್ಣ ಬಿಡಲಿಲ್ಲ. "ಊಟಕ್ಕೆ ಬಾರೋ ಅಂದ್ರೆ, 'ಪಾಪಾ, ಗೇಮ್ ಸೇವ್ ಕರ್‌ಕೇ ಆತಾ ಹೂಂ' ಅಂತಾನೆ. ಕನ್ನಡದಲ್ಲಿ ಬೈದರೆ ನಗ್ತಾನೆ."

ಅಂಪೈರು ಲೋಟ ಕೆಳಗಿಳಿಸಿದರು. "ಸೇವ್ ಅಂದ್ರೆ? ಆಟ ಅಲ್ಲೇ ನಿಂತಿರುತ್ತಾ?"

"ಹೂಂ ಸಾರ್. ಯಾವಾಗ ಬೇಕಾದ್ರೂ ಬಂದು ಮುಂದುವರಿಸಬಹುದು," ಎಂದ ಇರ್ಫಾನ್.

"ಎಷ್ಟು ದಿನ ಬಿಟ್ಟು ಬಂದ್ರೂ?"

"ಎಷ್ಟು ದಿನ ಬಿಟ್ಟು ಬಂದ್ರೂ."

"ಅಚ್ಛಾ," ಅಂದರು. ಮಂಜಿನ ಕಡೆ ನೋಡುತ್ತ ಉಳಿದ ಚಹಾ ಕುಡಿದರು.

ಆ ಬೇಸಿಗೆಯಲ್ಲಿ ಒಂದು ದಿನ ನನ್ನನ್ನು ಮನೆಗೆ ಕರೆದರು. ಫ್ರಿಜ್ಜಿನಿಂದ ಶಬ್ದ ಬರುತ್ತಿದೆಯಂತೆ. ಸಾಮಾನು ಹೊತ್ತು ಹೋದೆ. ಹಿಂದಿನ ತಗಡು ಬಿಚ್ಚಿದೆ, ಕಂಪ್ರೆಸರಿಗೆ ಕಿವಿ ಇಟ್ಟೆ, ಕೈ ಇಟ್ಟೆ. ಈ ಕೆಲಸದಲ್ಲಿ ಕೂದಲು ಬೆಳ್ಳಗಾದವನು ನಾನು; ಎಲ್ಲ ಫ್ರಿಜ್ಜೂ ಮಾಡುವ ಗುರ್ ಎಂಬ ಶಬ್ದ ಬಿಟ್ಟು ಮತ್ತೇನೂ ಇರಲಿಲ್ಲ.

"ಮೊದಲು ಇರಲಿಲ್ಲ ಕಣಯ್ಯಾ ಇದು. ಈಗ ದಿನವಿಡೀ ಕೇಳಿಸ್ತಿರುತ್ತೆ," ಅಂದರು.

ಆ ಎರಡು ಕೋಣೆಯ ಮನೆ ಅಷ್ಟು ಸದ್ದಿಲ್ಲದೆ ಇತ್ತು. ನನ್ನ ಸಂಸಾರವೂ ಆಗ ಊರಿನಲ್ಲೇ ಇತ್ತು, ಅಂಗಡಿಯ ಹಿಂದಿನ ರೂಮಿನಲ್ಲಿ ನಾನೂ ಎಷ್ಟೋ ಭಾನುವಾರದ ಮಧ್ಯಾಹ್ನ ಫ್ಯಾನಿನ ಶಬ್ದ ಕೇಳುತ್ತ ಮಲಗಿದ್ದೇನೆ. ಬಿಗಿಯಾಗಿಯೇ ಇದ್ದ ಒಂದು ಸ್ಕ್ರೂವನ್ನು ಬಿಚ್ಚಿ ಮತ್ತೆ ಬಿಗಿದೆ. "ಇನ್ನು ಕಮ್ಮಿ ಆಗುತ್ತೆ ಸಾರ್" ಅಂದೆ. ಅವರು ಮಾಡಿಕೊಟ್ಟ ಚಹಾದಲ್ಲಿ ಸಕ್ಕರೆ ಮರೆತಿದ್ದರು. ಎರಡು ಲೋಟ ಕುಡಿದೆ. ನಾನು ಏಳುವಾಗಲೆಲ್ಲ ಅವರು ಇನ್ನೊಂದು ಎಲ್‌ಬಿಡಬ್ಲ್ಯುವಿನ ಕಥೆ ತೆಗೆಯುತ್ತಿದ್ದರು.

ಈ ನಡುವೆ ನಮ್ಮ ಟೀಮು ಕರಗತೊಡಗಿತು. ಜನಕಪುರಿಗೆ ಮೆಟ್ರೋ ಬಂತು. ಭಾನುವಾರ ಜನ ಅದನ್ನೇ ಹತ್ತಿ ಮಾಲ್ ನೋಡಲು ಹೋದರು. ಕೆಲವರು ಫರೀದಾಬಾದಿನಲ್ಲಿ ಫ್ಲಾಟು ಕೊಂಡರು. ಕೆಲವರಿಗೆ ಮಕ್ಕಳ ಟ್ಯೂಷನ್ನು. ಟಿವಿಯಲ್ಲಿ ಇಪ್ಪತ್ತು ಓವರಿನ ಆಟ ಬಂತು. "ಅದು ಕ್ರಿಕೆಟ್ಟಲ್ಲ, ಬಸ್ಸಿಗೆ ಲೇಟಾದವರು ನಿಂತು ತಿನ್ನೋ ಉಪ್ಪಿಟ್ಟು" ಎಂದು ಅಂಪೈರು ಬೈದರು. ಆದರೂ ಜನ ಉಪ್ಪಿಟ್ಟಿಗೇ ಹೋದರು. ಎರಡು ಟೀಮು ಒಂದಾಯಿತು, ಒಂದು ಅರ್ಧವಾಯಿತು. ಕೊನೆಗೆ ಆಡುವವರು ಉಳಿದದ್ದು ಇರ್ಫಾನ್, ಬಸವರಾಜಣ್ಣ, ನಾನು. ಆಟಗಾರರು ಮೂವರು, ಅಂಪೈರು ಒಬ್ಬರು. ಇಡೀ ಜಗತ್ತಿನಲ್ಲಿ ಇಷ್ಟು ಒಳ್ಳೆಯ ಉಸ್ತುವಾರಿ ಇದ್ದ ಕ್ರಿಕೆಟ್ಟು ಇನ್ನೊಂದಿರಲಾರದು!

ಆಮೇಲೆ ಬಸವರಾಜಣ್ಣನಿಗೆ ಕೊಲ್ಕತ್ತಾಕ್ಕೆ ವರ್ಗವಾಯಿತು. ಅದೇ ವಾರ ಇರ್ಫಾನನಿಗೂ ಪುಣೆಯಲ್ಲಿ ಕೆಲಸ ಸಿಕ್ಕಿತು. ಅವರಿಬ್ಬರೂ ಹೋದ ಮೇಲೆ ನಾನು ಬ್ಯಾಟು ಹಿಡಿದರೆ ಬಾಲು ಹಾಕುವವರು ಯಾರು? ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವರು ಹೊರಡುವ ಮುಂಚಿನ ಕೊನೆಯ ಭಾನುವಾರ, ಫೆಬ್ರವರಿಯಲ್ಲಿ, ಅಂಪೈರು ಕೋಟಿಗೆ ತಾವೇ ಇಸ್ತ್ರಿ ಮಾಡಿಕೊಂಡು ಬಂದಿದ್ದರು. ಕೋಟಿನ ತೋಳಿನ ಮೇಲೆ ಇಸ್ತ್ರಿ ಪೆಟ್ಟಿಗೆ ಸುಟ್ಟ ಕಂದು ಗುರುತು.

ಮೂವರ ಆಟದ ನಿಯಮ ಸುಲಭ. ಒಬ್ಬೊಬ್ಬರೇ ಔಟಾಗುವ ತನಕ ಆಡುವುದು. ಕೊನೆಯವನು ಔಟಾದರೆ ಪಂದ್ಯ ಮುಗಿದು ಮನೆಗೆ. ಬಸವರಾಜಣ್ಣ ಬೇಗ ಔಟಾದರು. "ಸಾಮಾನು ಕಟ್ಟೋದಿದೆ ಕಣ್ರೀ, ಮನೇಲಿ ಕಾಯ್ತಿದ್ದಾಳೆ" ಅನ್ನುತ್ತ ಕೀಪಿಂಗಿಗೆ ನಿಂತರು. ಇರ್ಫಾನನೂ ಔಟಾದ. ಕೊನೆಯವನು ನಾನು.

ಇರ್ಫಾನ್ ಓಡಿ ಬಂದ. ಕೊನೆಯ ದಿನವೆಂದು ಕರುಣೆ ತೋರುವ ಪೈಕಿ ಅವನಲ್ಲ. ಬಾಲು ನೆಲಕ್ಕೆ ಬಿದ್ದು ಒಳಗೆ ತಿರುಗಿ, ನನ್ನ ಬ್ಯಾಟು ಇಳಿಯುವ ಮೊದಲೇ ನಡುವಿನ ಸ್ಟಂಪನ್ನು ಕಿತ್ತು ಬಸವರಾಜಣ್ಣನ ಕಾಲ ಬಳಿ ಎಸೆಯಿತು. ಇದಕ್ಕೆ ಅಪೀಲೂ ಬೇಡ, ಅಂಪೈರೂ ಬೇಡ. ಪಾರ್ಕಿನ ನಾಯಿ ಕೂಡ ಔಟು ಅನ್ನುತ್ತಿತ್ತು. ನಾನು ಗ್ಲೌಸು ಬಿಚ್ಚತೊಡಗಿದೆ.

ಬೆರಳು ಮೇಲೇಳಲಿಲ್ಲ. ಅಂಪೈರು ಬಿದ್ದ ಸ್ಟಂಪನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಲಗೈಯನ್ನು ಪಕ್ಕಕ್ಕೆ ನೇರ ಚಾಚಿದರು.

"ನೋ ಬಾಲ್," ಅಂದರು.

ಇರ್ಫಾನನ ಕಾಲು ಗೆರೆಯ ಹಿಂದೆಯೇ ಇತ್ತು. ಅದು ಅವನಿಗೂ ಗೊತ್ತು, ನನಗೂ ಗೊತ್ತು. "ಸಾರ್, ಅದು..." ಎಂದು ಅವನು ಬಾಯಿ ತೆರೆದ.

"ಏ ಇರ್ಫಾನ್, ಕಾಲು ಸ್ವಲ್ಪ ನೋಡಿ ಹಾಕೋ ಮಾರಾಯಾ!" ಎಂದು ಹಿಂದಿನಿಂದ ಬಸವರಾಜಣ್ಣ ಗದರಿದರು. ಗದರಿಕೊಂಡೇ ಬಗ್ಗಿ ಸ್ಟಂಪನ್ನು ಎತ್ತಿ ಮತ್ತೆ ನೆಡತೊಡಗಿದರು.

ಇರ್ಫಾನ್ ತನ್ನ ಕಾಲನ್ನು ನೋಡಿಕೊಂಡ. ಅಂಪೈರ ಮುಖ ನೋಡಿದ. "ಸಾರಿ ಸಾರ್" ಎಂದು ಬಾಲು ಎತ್ತಿಕೊಂಡು, ಎಂದಿಗಿಂತ ಹಿಂದಕ್ಕೆ, ಗುಲ್‌ಮೊಹರ್ ಮರದ ತನಕ ನಡೆದು ಹೋದ. ನಾನು ಗ್ಲೌಸು ಹಾಕಿಕೊಂಡೆ.

ಅವನ ಮುಂದಿನ ಬಾಲು ನನ್ನಿಂದ ಎಷ್ಟು ದೂರ ಹೋಯಿತೆಂದರೆ ಬಸವರಾಜಣ್ಣ ಅದನ್ನು ಹುಡುಕಿಕೊಂಡು ಪಾರ್ಕಿನ ಗೇಟಿನ ತನಕ ಹೋಗಬೇಕಾಯಿತು. ಅದರ ಮುಂದಿನದೂ ಹಾಗೆಯೇ. ಅಂಪೈರು ವೈಡ್ ಎಂದು ಎರಡೂ ಕೈ ಅಗಲಕ್ಕೆ ಚಾಚಿಕೊಂಡು, ನಮ್ಮನ್ನು ಯಾರನ್ನೂ ನೋಡದೆ, ನಿಂತೇ ಇದ್ದರು.