ಚಾವಿಗೆ ಚಾಲೂ ಆದ ಜೀಪು

ರಿಪೇರಿ ಮಾಡುವವನ ಹೆಮ್ಮೆ ತುಸು ವಿಚಿತ್ರ. ಅಡಿಗೆ ಚೆನ್ನಾಗಿದ್ದರೆ ಉಂಡವರು ಹೊಗಳುತ್ತಾರೆ; ಮಿಸ್ತ್ರಿಯ ಕೆಲಸ ಚೆನ್ನಾಗಿದ್ದರೆ ಅವನ ಹೆಸರನ್ನೇ ಯಾರೂ ಎತ್ತುವುದಿಲ್ಲ. ಹಾಗಾಗಿ ನನ್ನನ್ನು ನಾನೇ ಹೊಗಳಿಕೊಳ್ಳುವುದು ರೂಢಿಯಾಗಿದೆ. ಮನೆಯ ಮಿಕ್ಸರ್ ಆರು ತಿಂಗಳಿಂದ ಕೆಟ್ಟು ಕೂತಿದೆ, ಆ ಮಾತು ಇಲ್ಲಿ ಬೇಡ.

ಸದಲಗಾದಿಂದ ಚಿಕ್ಕೋಡಿಗೆ ಅಣ್ಣಾಸಾಹೇಬರ ನಾಲ್ಕು ವಡಾಪ ಜೀಪು ಓಡುತ್ತವೆ. ಸೀಟು ತುಂಬಿದ ಮೇಲೆಯೇ ಹೊರಡುವ ಗಾಡಿಗೆ ನಮ್ಮಲ್ಲಿ ವಡಾಪ ಎನ್ನುತ್ತೇವೆ. ನಾಲ್ಕಕ್ಕೂ ವಯಸ್ಸು ನನಗಿಂತ ಸ್ವಲ್ಪವೇ ಕಡಿಮೆ. ಚಾವಿ ತಿರುಗಿಸಿದರೆ ಕೆಮ್ಮುತ್ತಿದ್ದವು, ಅಷ್ಟೇ. ಜನ ಇಳಿದು ದೂಡಬೇಕು. ಮೊದಲು ಕೈ ಹಚ್ಚಿದ ಇಬ್ಬರಿಗೆ ಮುಂದಿನ ಸೀಟು ಎಂಬುದು ಅಲ್ಲಿನ ಕಾಯ್ದೆ. ಬದನೆಕಾಯಿ ಮಾರುವ ತಾಯವ್ವ ದೂಡುವುದೆಂದರೆ ಜೀಪಿನ ಬೆನ್ನಿಗೆ ಅಂಗೈ ಮುಟ್ಟಿಸುವುದು. ಅದೂ ನಡೆಯುತ್ತಿತ್ತು.

ಒಂದು ದಿನ ಅಣ್ಣಾಸಾಹೇಬರು ಗ್ಯಾರೇಜಿಗೆ ಬಂದು, "ಮಿಸ್ತ್ರಿ, ಇವು ಚಾವಿಗೆ ಚಾಲೂ ಆಗ್ಲಿಲ್ಲಂದ್ರ ನಾಕೂ ಭಂಗಾರಕ್ಕ ಹಾಕ್ತೀನಿ ನೋಡ್ರಿ" ಎಂದರು. ಗುಜರಿಗೆ? ನನ್ನ ಕೈಯಲ್ಲೇ ಮುದಿಯಾದ ಗಾಡಿಗಳು! ನನಗೆ ನಿಜವಾಗಿಯೂ ಕಣ್ಣು ತುಂಬಿತು. ಎರಡು ತಿಂಗಳು ಹಟ ಹಿಡಿದು ಇಂಜಿನ್ ಇಳಿಸಿದೆ, ಗಾಲಿಗಳ ಬೇರಿಂಗ್ ಬದಲಿಸಿದೆ, ಹೊಸ ಸೆಲ್ಫ್ ಸ್ಟಾರ್ಟರ್ ಕೂಡಿಸಿದೆ. ನಾಲ್ಕೂ ಒಂದೇ ತಿರುವಿಗೆ ಎದ್ದವು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ವಾರದೊಳಗೆ ಡ್ರೈವರ್ ಮಾರುತಿ ಮುಖ ಇಳಿಸಿಕೊಂಡು ಬಂದ. "ಏನ್ ಮಾಡಿಟ್ರೀ ಮಿಸ್ತ್ರಿ! ದೂಡೋದ ನಿಂತೈತಿ, ಮುಂದಿನ ಸೀಟು ಯಾರಿಗಂತ ದಿನಾ ಜಗಳ. ಸಿಟ್ಟಿಗೆದ್ದು ಮಂದಿ ಬಸ್ಸಿಗೆ ಹೊಂಟಾರ. ಸೀಟ್ ತುಂಬವಲ್ವು, ಮಾಲಕರು ಮತ್ತ ಭಂಗಾರ ಅನ್ನಾಕತ್ತಾರ."

ಸೆಲ್ಫಿನ ವಾಯರ್ ಕಿತ್ತರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ಪಾಪ ಮಾಡಲು ಕೈ ಬರಲಿಲ್ಲ. ಕಡೆಗೆ ನಾನೇ ಉಪಾಯ ಹೇಳಿದೆ: ಸ್ಟ್ಯಾಂಡಿನಿಂದ ಬೇವಿನ ಮರದವರೆಗೆ ಜನ ದೂಡಲಿ, ಅಲ್ಲಿ ಚಾವಿ ತಿರುಗಿಸು. ಹೀಗೆ ಪೂರ್ತಿ ಗಟ್ಟಿಮುಟ್ಟಾದ ಜೀಪನ್ನು ಊರ ಮಂದಿ ಮತ್ತೆ ದೂಡತೊಡಗಿದರು. ಜಗಳ ನಿಂತಿತು, ಸೀಟು ತುಂಬಿದವು, ಗುಜರಿಯ ಮಾತು ಮರೆತುಹೋಯಿತು.

ಮೊನ್ನೆ ಚಿಕ್ಕೋಡಿಗೆ ಹೊರಟವನು ಗಾಡಿ ಉಳಿಸಿದವನೆಂಬ ಠೀವಿಯಿಂದ ನೇರವಾಗಿ ಮುಂದಿನ ಸೀಟಿನಲ್ಲಿ ಕೂತೆ. ತಾಯವ್ವ ಕಿಟಕಿಯಲ್ಲಿ ಮುಖ ಹಾಕಿ, "ಇಳೀರಿ ಮಿಸ್ತ್ರಿ. ಕೈ ಹಚ್ಚಿದವ್ರಿಗೆ ಸೀಟು" ಎಂದಳು. ಇಳಿದೆ. ಇವರಿಗೆಲ್ಲ ತೋರಿಸಿಯೇ ಬಿಡೋಣವೆಂದು ಮೈಯೆಲ್ಲ ಬಲ ಹಾಕಿ ದೂಡಿದೆ. ನಾನೇ ಕೂಡಿಸಿದ ಬೇರಿಂಗ್ ಅಲ್ಲವೇ, ಜೀಪು ಒಂದೇ ದೂಡಿಗೆ ಸರ್ರನೆ ಓಡಿತು. ಉಳಿದವರು ಹಾರಿ ಹತ್ತಿಕೊಂಡರು. ಮಾರುತಿ ಚಾವಿ ತಿರುಗಿಸಿಯೂಬಿಟ್ಟ. ಚಪ್ಪಲಿ ಕೈಯಲ್ಲಿ ಹಿಡಿದು ಬೆನ್ನಟ್ಟಿದ ನನಗೆ ಸಿಕ್ಕಿದ್ದು ಹಿಂದಿನ ಮೆಟ್ಟಿಲು. ಚಿಕ್ಕೋಡಿ ಬರುವವರೆಗೂ ಅಲ್ಲೇ ಜೋತುಬಿದ್ದು, ಪಕ್ಕದಲ್ಲಿ ಜೋತುಬಿದ್ದವನಿಗೆ, "ಇಂಜಿನ್ ಆವಾಜ್ ಕೇಳ್ರಿ, ನನ್ನ ಕೈ ಕೆಲಸ ಅದು" ಎಂದು ಹೇಳುತ್ತಲೇ ಇದ್ದೆ.