ಹತ್ತು ಹುಡುಗರು, ಹದಿನಾರು ಪಿರಿಯಡ್

“ಓದಿದ್ದು ಓದಿದಿ. ಕಾಲೇಜಿನ್ಯಾಗ ಗಂಡುಹುಡುಗರ ಮುಂದ ನಿಂತು ಕಲಸೂದು ನಿನ್ನ ಕಡಿಂದ ಆಗಂಗಿಲ್ಲ. ಅದೇನು ರೊಟ್ಟಿ ಬಡದಂಗಲ್ಲ” ಎಂದವರು ನಮ್ಮ ದೊಡ್ಡಪ್ಪ. ಅವರಿಗೆ ರೊಟ್ಟಿ ಬಡಿಯಲೂ ಬರುತ್ತಿರಲಿಲ್ಲ, ಕಲಿಸಲೂ ಬರುತ್ತಿರಲಿಲ್ಲ. ನಾನು ಗುಳೇದಗುಡ್ಡದಲ್ಲಿ ಖಣದ ಕುಪ್ಪಸ ಹೊಲಿಯುತ್ತ, ಮನೆಯಲ್ಲೇ ಓದಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಂ.ಎ. ಮುಗಿಸಿದವಳು. ಎಪ್ಪತ್ತರ ದಶಕದ ಕೊನೆಗೆ ಇಳಕಲ್ಲಿನ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿಯಾದೆ. ಅಲ್ಲಿ ನಗುವ ಪ್ರಸಂಗಗಳನ್ನು ನಾನು ಹುಡುಕಬೇಕಿರಲಿಲ್ಲ. ಅವೇ ನನಗಿಂತ ಮೊದಲು ಬಂದು ಕುಳಿತಿರುತ್ತಿದ್ದವು.

೧. ಹಿಂದಿನ ಬೆಂಚು

ಮೊದಲ ದಿನ ಬಾಗಿಲಲ್ಲೇ ಸಿಪಾಯಿ ತಡೆದ. “ಮಗನ ಅಡ್ಮಿಶನ್ ಏನ್ರಿ? ನಾಳೆ ಬರ್ರಿ.”

“ಮಗಂದಲ್ಲಪಾ, ನಂದ ಕ್ಲಾಸ್ ಐತಿ.”

ಅವನು ನನ್ನ ನರೆಗೂದಲು ನೋಡಿ ಕೈಮುಗಿದ. “ಈ ವಯಸ್ಸಿನ್ಯಾಗ ಕಲ್ಯಾಕ ಬಂದೀರಿ, ಶಾಭಾಸ್ರಿ ಅಕ್ಕಾರ!” ಎಂದು ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂಡ್ರಿಸಿದ. ಹೋಗುವಾಗ ಪಕ್ಕದ ಹುಡುಗಿಗೆ, “ತಿಳೀದಿದ್ರ ಸ್ವಲ್ಪ ಹೇಳಿಕೊಡವಾ” ಎಂದ.

೨. ಮಗ್ಗದ ಮುಂದೆ ಪಾಠ

ಮರುವರ್ಷ ಪ್ರಿನ್ಸಿಪಾಲರು ಕರೆದರು. “ಬಾಯಾರ, ಐಚ್ಛಿಕ ಕನ್ನಡಕ್ಕ ಹತ್ತು ಮಂದಿ ಬೇಕು. ಇಲ್ಲಾಂದ್ರ ಆ ಕ್ಲಾಸ್ ಬಂದ್. ವಾರಕ್ಕ ಹದಿನಾರು ಪಿರಿಯಡ್ ತುಂಬಲಿಲ್ಲಂದ್ರ ನೀವು ಕಾಯಂ ಆಗಂಗಿಲ್ಲ, ಮನಿಗೆ ಹೋಗಬೇಕಾಗತೈತಿ. ನೋಡಾಕ ಯುನಿವರ್ಸಿಟಿ ಸಮಿತಿ ಬರತೈತಿ.”

ಹೆಸರು ಹಚ್ಚಿದವರು ಸರಿಯಾಗಿ ಹತ್ತು. ಆದರೆ ಅರ್ಧ ಮಂದಿ ಕ್ಲಾಸಿಗೆ ಬಾರದೆ ಮನೆಯಲ್ಲಿ ಸೀರೆ ನೇಯುತ್ತಿದ್ದರು. ನಾನು ಮನೆಮನೆಗೆ ಹೊರಟೆ. ಒಬ್ಬ ತಾಯಿ ಹೇಳಿದಳು: “ಅಂವ ಎದ್ದರ ಮಗ್ಗ ನಿಂದರತೈತ್ರಿ. ನೀವ ಇಲ್ಲಿ ಕುಂತು ಹೇಳ್ರಿ, ನೇಕೋಂತ ಕೇಳ್ತಾನ.”

ಹಟಕ್ಕೆ ಬಿದ್ದು ಕುಳಿತೆ. ಲಾಳಿಯ ಸದ್ದನ್ನು ಮೀರಿಸಿ ಒಂದು ತಾಸು ಷಟ್ಪದಿ ಓದಿದೆ. ಹುಡುಗನ ಕೈ ಅದೇ ಲಯಕ್ಕೆ ಬಿತ್ತು. ತಾಯಿ ಸೀರೆ ಅಳೆದು ನೋಡಿ, “ಒಂದು ಗೇಣು ಹೆಚ್ಚು ಬಂದೈತಿ! ನಾಳೆನೂ ಬರ್ರಿ ಅಕ್ಕಾರ. ಮಗ್ಗಲ ಮನಿಯವ್ರೂ ಕರ್ಯಾಕ ಹತ್ಯಾರ” ಎಂದಳು.

೩. ನಂಬರ್ ಏಳು

ಸಮಿತಿ ಬಂದ ದಿನ ಹಾಜರಿ ಕೂಗಿದೆ. “ನಂಬರ್ ಏಳು?”

“ಹಾಜರ್ ಅದೀನ್ರಿ.”

ತಲೆ ಎತ್ತಿದರೆ ರುಮಾಲು ಸುತ್ತಿದ ಮುದುಕ! ಪ್ರಿನ್ಸಿಪಾಲರು ಬೆವರಿದರು. ನನ್ನ ನೌಕರಿ ಹೋಯಿತು ಎಂದುಕೊಂಡೆ.

ಸಮಿತಿಯ ಅಧ್ಯಕ್ಷರು ಕೇಳಿದರು: “ಯಜಮಾನ್ರೇ, ನೀವು ವಿದ್ಯಾರ್ಥಿಯೇ?”

“ಅಲ್ರಿ, ಅವರಪ್ಪ. ಹುಡುಗ ಸೀರಿಗೆ ಸೆರಗಿನ ಎಳಿ ಕೂಡಸಾಕ ಕುಂತಾನ. ನಡುವ ಏಳಾಕ ಬರಂಗಿಲ್ಲ. ನನಗ ಎಳಿ ಕಾಣಂಗಿಲ್ಲ. ನಮ್ಮ ಮನ್ಯಾಗ ಒಬ್ಬರ ಕೆಲಸಕ್ಕ ಇನ್ನೊಬ್ಬರು ಕುಂಡ್ರೂದು ರೂಢಿ. ಅದಕ್ಕ ನಾ ಬಂದೇನಿ.”

“ಆದರೆ ಹುಡುಗನೇ ಬರಬೇಕು.”

“ಬರ್ತಾನ್ರಿ, ಅದಕ್ಕೇನು! ನಿಮ್ಮಾಗ ಒಬ್ಬರು ಹೋಗಿ ಮಗ್ಗದ ಕುಣ್ಯಾಗ ಇಳದು ಎಳಿ ಕೂಡಸ್ರಿ. ಸಾವಿರಾರು ಅದಾವು, ಒಂದೂ ತಪ್ಪಬಾರದು. ಅಂವ ಓಡಿ ಬರ್ತಾನ. ಅಲ್ಲೀಮಟ ಸುಮ್ಮ ಕುಂಡರ್ರಿ, ಅಕ್ಕಾರ ಪಾಠ ನಿಂತೈತಿ.”

ಅಧ್ಯಕ್ಷರು ತಮ್ಮ ಇಸ್ತ್ರಿ ಪ್ಯಾಂಟು ನೋಡಿಕೊಂಡರು. ಸುಮ್ಮನೆ ಬೆಂಚಿನಲ್ಲಿ ಕುಳಿತು ಪೂರ್ತಿ ಪಾಠ ಕೇಳಿದರು. ಎದ್ದು ಹೋಗುವಾಗ ವರದಿಯಲ್ಲಿ ‘ಹಾಜರಿ ಹತ್ತು’ ಎಂದು ಬರೆದರು. ಆ ವರ್ಷ ನಾನು ಕಾಯಂ ಆದೆ.

ಈಗ ಬಾಗಲಕೋಟೆಯಲ್ಲಿ ನನ್ನ ಹೆಸರಿನ ನಾಲ್ಕು ಖೋಲಿಯ ಮನೆ ಇದೆ. ಒಂದರ ತುಂಬ ಬರೀ ಪುಸ್ತಕ. ಇದಕ್ಕೆ ತೆತ್ತದ್ದು ಪ್ರಾಯದ ವರ್ಷಗಳು, ಜೊತೆಗೆ ನನ್ನ ಗಂಟಲು; ಕೂಗಿ ಕೂಗಿ ದನಿ ಗಂಡಸರದಾಗಿದೆ. ಫೋನು ಎತ್ತಿದರೆ, “ಸರ್, ಮೇಡಂ ಅದಾರೇನ್ರಿ?” ಎನ್ನುತ್ತಾರೆ.

“ಕ್ಲಾಸಿಗೆ ಹೋಗ್ಯಾರ” ಎಂದು ಇಟ್ಟುಬಿಡುತ್ತೇನೆ.